ಮಗುವಿನ ಕೈಗೆ ಮೈದಾ ಹಿಟ್ಟೋ, ಜೇಡಿಮಣ್ಣೋ?

ಎರಡು-ಮೂರು ವರ್ಷದ ಮಗುವಾದರೆ, ಬೊಂಬೆ ಮಾಡಿ ಆಡಲು ನಾನು ಹಿಟ್ಟನ್ನೇ ಕೊಡುತ್ತೇನೆ. 2 ಕಪ್ ಮೈದಾ, 1 ಕಪ್ ಪುಡಿ ಉಪ್ಪು, ಒಂದು ಚಮಚ ಎಣ್ಣೆ ಸೇರಿಸಿ, ನೀರು ಸ್ವಲ್ಪ ಸ್ವಲ್ಪವೇ ಹಾಕುತ್ತಾ ಚಪಾತಿ ಹಿಟ್ಟಿನ ಹದಕ್ಕೆ ನಾದಿ, ಒಂದು ಉಂಡೆಗೆ ಅರಿಶಿನ, ಇನ್ನೊಂದಕ್ಕೆ ಬೀಟ್‌ರೂಟ್ ರಸ ಬೆರೆಸಿದರೆ ಆಯ್ತು. ಮೆತ್ತಗಿರುವುದರಿಂದ ಪುಟ್ಟ ಬೆರಳಿಗೆ ಸುಲಭ. ಆದರೆ ಉಪ್ಪು ಜಾಸ್ತಿ ಅಲ್ವಾ, ತಿನ್ನಲು ಬಿಡಬೇಡಿ, ಪಕ್ಕದಲ್ಲೇ ಕೂತಿರಿ. ಅರಿಶಿನದ ಕಲೆ ಬೇಗ ಹೋಗುವುದಿಲ್ಲ, ಹಳೇ ಅಂಗಿ ಹಾಕಿಸಿ.

ಜೇಡಿಮಣ್ಣಿನ ಖುಷಿಯೇ ಬೇರೆ. ನಾದಲು ಕೈಯಲ್ಲಿ ಬಲ ಬೇಕು, ಹಾಗಾಗಿ ನಾಲ್ಕೈದು ವರ್ಷವಾದ ಮೇಲೆ ಕೊಡಿ. ಹಣತೆ, ಪುಟ್ಟ ಗಣಪ, ಅಡುಗೆ ಆಟದ ಪಾತ್ರೆ ಎಲ್ಲವೂ ಆಕಾರ ಬಿಡದೆ ನಿಲ್ಲುತ್ತವೆ. ನೆರಳಲ್ಲಿ ಒಣಗಿಸಿ, ಬಿಸಿಲಿಗಿಟ್ಟರೆ ಬಿರುಕು ಬಿಡುತ್ತದೆ. ಒಡೆದರೂ ಬೇಸರ ಬೇಡ, ನೀರಲ್ಲಿ ನೆನೆಸಿ ಮತ್ತೆ ಕಲಸಬಹುದು. ಹಿಟ್ಟು ಹಾಗಲ್ಲ, ಡಬ್ಬಿಯಲ್ಲಿ ಮುಚ್ಚಿ ಫ್ರಿಜ್‌ನಲ್ಲಿಟ್ಟರೂ ನಾನು ವಾರಕ್ಕಿಂತ ಹೆಚ್ಚು ಇಡುವುದಿಲ್ಲ.

ಮಣ್ಣಿನ ಕೈಯನ್ನು ಮಾತ್ರ ಸಿಂಕಿನಲ್ಲಿ ತೊಳೆಸಬೇಡಿ, ಪೈಪ್ ಕಟ್ಟಿಕೊಳ್ಳುತ್ತದೆ. ಒಂದು ಬಕೆಟ್ ಇಡಿ, ಆ ನೀರನ್ನು ಮಗುವೇ ಗಿಡಕ್ಕೆ ಹಾಕಲಿ.