ಘಾಟಿ ರೈಲು ಫೋಟೋ ಕ್ಯಾಂಪ್‌ಗೆ ದುಡ್ಡು ಕಟ್ಟೋ ಮುಂಚೆ ಇದನ್ನು ಓದಿ

ಬರೆಯೋಕೆ ನಾಚಿಕೆ ಆಗುತ್ತಿದೆ. ಆದರೂ ಈ ಕ್ಯಾಂಪ್ ನಡೆಸೋ ಮನುಷ್ಯ ಇನ್ನೊಂದು ಬ್ಯಾಚ್ ಹೊರಡಿಸುವ ಮುಂಚೆ ಬರೆಯಲೇಬೇಕು.

ನಾನು ತುಮಕೂರಿನವನು. ಹತ್ತು ವರ್ಷದಿಂದ ಕ್ಯಾತಸಂದ್ರ ಸ್ಟೇಷನ್ನಿನಲ್ಲಿ ರೈಲು ಫೋಟೋ ತೆಗೆಯೋ ಹುಚ್ಚು. ಆದರೆ ಬಯಲುಸೀಮೆ ರೈಲು ಎಷ್ಟು ದಿನ ಅಂತ ತೆಗೆಯೋದು? ಸಕಲೇಶಪುರ–ಸುಬ್ರಹ್ಮಣ್ಯ ಘಾಟಿ ಆಸೆ ಹತ್ತಿತ್ತು. 55 ಕಿಲೋಮೀಟರ್ ದಾರಿಯಲ್ಲಿ 57 ಸುರಂಗ. 50 ಅಡಿಗೆ ಒಂದು ಅಡಿ ಏರು. ಗೂಡ್ಸ್ ಗಾಡಿ ಹತ್ತೋಕೆ ಮುಂದಿನ ಇಂಜಿನ್ ಸಾಲದೆ ಹಿಂದಿನಿಂದ ಬ್ಯಾಂಕರ್ ಇಂಜಿನ್ ತಳ್ಳುತ್ತವೆ. ಮಳೆ, ಮಂಜು, ಸೇತುವೆ ಮೇಲೆ ಆ ಗಾಡಿ. ಆ ಒಂದು ಫೋಟೋಗೆ ಬುದ್ಧಿ ಮಂಕಾಯಿತು.

ಕ್ಯಾಂಪ್‌ಗೆ ತಲೆಗೆ 4,800 ರೂಪಾಯಿ. ದೋಣಿಗಾಲ್‌ನಿಂದ ಹಳಿ ಮೇಲೆ ಘಾಟಿಯೊಳಗಿನ ಎಡಕುಮೇರಿ ಸ್ಟೇಷನ್ ತನಕ ನಡಿಗೆ, "ರೈಲ್ವೆ ಪರ್ಮಿಷನ್ ಸಮೇತ". ನಾನೊಬ್ಬನೇ ಕಟ್ಟಿದ್ದರೆ ಇಷ್ಟು ಉರಿಯುತ್ತಿರಲಿಲ್ಲ. ಭಾವಮೈದನನ್ನೂ ಇಬ್ಬರು ಗೆಳೆಯರನ್ನೂ ನಾನೇ ಒತ್ತಾಯ ಮಾಡಿ ಸೇರಿಸಿದೆ. ಒಟ್ಟು 19,200.

ಆತ ಒಂದು ಪಟ್ಟಿ ಕಳಿಸಿದ್ದ. ಬೆಳಿಗ್ಗೆ 7:40ಕ್ಕೆ ಗೂಡ್ಸ್, 9:15ಕ್ಕೆ ಇನ್ನೊಂದು ಗೂಡ್ಸ್. ಗೂಡ್ಸ್ ಗಾಡಿಗೆ ಎಲ್ಲಿಯ ಟೈಮ್ ಟೇಬಲ್ ಸ್ವಾಮಿ! ಕ್ಯಾತಸಂದ್ರದ ಟೀ ಅಂಗಡಿ ಹುಡುಗನಿಗೂ ಇದು ಗೊತ್ತು. ನನಗೂ ಗೊತ್ತಿತ್ತು. ಆದರೂ ಆ ಪಟ್ಟಿಯನ್ನು ಪ್ರಿಂಟ್ ಹಾಕಿಸಿ ಜೇಬಲ್ಲಿ ಇಟ್ಟುಕೊಂಡಿದ್ದೆ.

ರಾತ್ರಿಯಿಡೀ ಕುಣಿಗಲ್, ಹಾಸನ ದಾಟಿ ಹೋದೆವು. ದೋಣಿಗಾಲ್ ಹತ್ತಿರ ಹಳಿಗೆ ಕಾಲಿಟ್ಟು ಹತ್ತು ನಿಮಿಷ ಆಗಿರಲಿಲ್ಲ, ಆರ್‌ಪಿಎಫ್‌ನವರು (ರೈಲ್ವೆ ರಕ್ಷಣಾ ಪಡೆ) ನಿಲ್ಲಿಸಿದರು. ನಾನು ದೊಡ್ಡ ಧೈರ್ಯದಿಂದ ಆತ ಕೊಟ್ಟಿದ್ದ ಪರ್ಮಿಷನ್ ಪತ್ರ ತೆಗೆದು ಕೊಟ್ಟೆ. ಅವರು ಓದಿದರು. ಪಕ್ಕದವರಿಗೆ ಕೊಟ್ಟರು. ಅವರು ನಕ್ಕರು.

"ಸರ್, ಇದರಲ್ಲಿ ರೈಲ್ವೆಯ ಬೆಂಗಳೂರು ವಿಭಾಗ ಅಂತ ಇದೆ. ಇದು ಮೈಸೂರು ವಿಭಾಗ."

ಆ ಮಾತು ಕೇಳಿದಾಗಲೇ ಹೊಟ್ಟೆ ಧಸಕ್ ಅಂದಿದ್ದು. ತುಮಕೂರು ಬೆಂಗಳೂರು ವಿಭಾಗ, ಸಕಲೇಶಪುರ ಮೈಸೂರು. ಊರಲ್ಲಿ ಎಲ್ಲರಿಗೂ ಇದನ್ನು ಹೇಳಿಕೊಂಡು ತಿರುಗೋನು ನಾನೇ. ಪತ್ರದ ತಲೆಬರಹ ಮಾತ್ರ ಓದಿರಲಿಲ್ಲ. ಬೆಳಕಿಗೆ ಹಿಡಿದು ನೋಡಿದರೆ ತಾರೀಕಿನ ಮೇಲೆ ವೈಟ್ನರ್ ಬಳಿದು ಜೆರಾಕ್ಸ್ ಮಾಡಿದ ಗುರುತು. ಭಾವಮೈದ ನನ್ನ ಮುಖ ನೋಡಲೂ ಇಲ್ಲ.

ಹಳಿ ಮೇಲೆ ನಡೆದರೆ 1989ರ ರೈಲ್ವೆ ಕಾಯ್ದೆಯ 147ನೇ ಕಲಂ ಪ್ರಕಾರ ದಂಡ ಅಷ್ಟೇ ಅಲ್ಲ, ಜೈಲೂ ಆಗಬಹುದು. ನಮ್ಮ ಪುಣ್ಯ, ಹೆಸರು ಬರೆದುಕೊಂಡು ಬೈದು ಕಳಿಸಿದರು. ಬೈದಿದ್ದು ನ್ಯಾಯವೇ. ಸುರಂಗದೊಳಗೆ ಗಾಡಿ ಬಂದಿದ್ದರೆ ಎಲ್ಲಿ ಓಡುತ್ತಿದ್ದೆವು? 2024ರ ಜುಲೈನಲ್ಲಿ ಗುಡ್ಡ ಕುಸಿದು ರೈಲೇ ನಿಂತಿದ್ದ ದಾರಿ ಅದು.

ಅಷ್ಟರಲ್ಲಿ ನಮ್ಮ "ಗೈಡ್" ಎಲ್ಲಿ? ಜೀಪಲ್ಲಿ. ಜೀಪ್ ಎಲ್ಲಿ? ಹೋಗಿತ್ತು.

ಫೋನ್ ಮಾಡಿದರೆ ಆತ ಹೇಳಿದ್ದು: "ಪರ್ಮಿಷನ್‌ಗೆ ಅಪ್ಲೈ ಮಾಡಿದೀನಿ ಅಂದಿದ್ದೆ ಸರ್, ಸಿಕ್ಕಿದೆ ಅಂದಿಲ್ವಲ್ಲ." ದುಡ್ಡು ವಾಪಸ್ ಕೇಳಿದೆ. "ಮಳೆ ಕಾರಣಕ್ಕೆ ರದ್ದಾದರೆ ರೀಫಂಡ್ ಇಲ್ಲ." ಮಳೆ ಎಲ್ಲಿಂದ ಬಂತು? ನಮ್ಮನ್ನು ನಿಲ್ಲಿಸಿದ್ದು ಪೊಲೀಸರು! ಮೂರನೇ ಸಲಕ್ಕೆ, "ನೀವು ಇಷ್ಟು ಹೆದರೋರು ಅಂತ ಗೊತ್ತಿದ್ರೆ ಸೇರಿಸ್ತಾನೇ ಇರ್ಲಿಲ್ಲ." ಆಮೇಲೆ ಬ್ಲಾಕ್.

ಪತ್ರ ತೋರಿಸಿದರೆ ಮೊದಲು ವಿಭಾಗದ ಕಚೇರಿಗೆ ಫೋನ್ ಮಾಡಿ ಕೇಳಿ. ಘಾಟಿ ನೋಡಲೇಬೇಕಾ? ಹಗಲು ರೈಲಿಗೆ ಟಿಕೆಟ್ ತಗೊಂಡು ಕಿಟಕಿ ಪಕ್ಕ ಕೂತ್ಕೊಳ್ಳಿ, ಸಾಕು.

ನಿನ್ನೆ ಗೆಳೆಯನೊಬ್ಬ ಆತನ ಹೊಸ ಜಾಹೀರಾತು ಕಳಿಸಿದ. ಈಗ ತಲೆಗೆ 5,500. "ಮೊದಲ ಬ್ಯಾಚ್ ಸೂಪರ್ ಹಿಟ್" ಅಂತ ಒಂದು ಫೋಟೋ ಬೇರೆ. ಅದರಲ್ಲಿ ಹಳದಿ ರೇನ್‌ಕೋಟ್ ಹಾಕ್ಕೊಂಡು ಹಲ್ಲು ಕಿರಿಯುತ್ತಾ ನಿಂತಿರೋನು ನಾನೇ.