ಪ್ರೇಕ್ಷಕನಾಗಿ ಕುಳಿತ ಮೂರು ಚಿತ್ರೀಕರಣಗಳು

ಟಿವಿ ಕಾರ್ಯಕ್ರಮವೊಂದರ ಚಿತ್ರೀಕರಣವನ್ನು ಎದುರಿಗೇ ಕುಳಿತು ನೋಡಬೇಕೆಂಬ ಆಸೆ ಇರುವವರು ಬೆಂಗಳೂರಿನ ಜೆ.ಸಿ. ನಗರದಲ್ಲಿರುವ ದೂರದರ್ಶನ ಕೇಂದ್ರದಿಂದ ಆರಂಭಿಸುವುದು ಒಳ್ಳೆಯದೆಂಬುದು ನನ್ನ ಅಭಿಪ್ರಾಯ. ನಿವೃತ್ತನಾದ ಮೇಲಿನ ಎರಡು ವರ್ಷಗಳಲ್ಲಿ ನಾನು ಮತ್ತು ನನ್ನ ಹೆಂಡತಿ ಮೂರು ಬಗೆಯ ಚಿತ್ರೀಕರಣಗಳಿಗೆ ಹೋಗಿಬಂದೆವು. ಮೊದಲನೆಯದು ದೂರದರ್ಶನದ ಸುಗಮ ಸಂಗೀತ ಕಾರ್ಯಕ್ರಮ, ಎರಡನೆಯದು ಖಾಸಗಿ ವಾಹಿನಿಯೊಂದರ ಹಾಡಿನ ಸ್ಪರ್ಧೆ, ಮೂರನೆಯದು ಮತ್ತೊಂದು ವಾಹಿನಿಯು ದಾವಣಗೆರೆಯ ಮೈದಾನವೊಂದರಲ್ಲಿ ನಡೆಸಿದ ಸಂಕ್ರಾಂತಿ ವಿಶೇಷ. ಮೂರಕ್ಕೂ ಟಿಕೆಟ್ ಇರಲಿಲ್ಲ. ಆದರೂ ಮೊದಲನೆಯದಕ್ಕೆ ನಮ್ಮಿಬ್ಬರಿಗೆ ತಗುಲಿದ ಖರ್ಚು ನನ್ನೊಬ್ಬನ ಬಸ್ ಚಾರ್ಜು ಮಾತ್ರ, ಏಕೆಂದರೆ ಹೆಂಡತಿಗೆ ಶಕ್ತಿ ಯೋಜನೆಯ ಶೂನ್ಯ ಟಿಕೆಟ್ ಇತ್ತು. ಎರಡನೆಯದಕ್ಕೆ ಸಾವಿರ ರೂಪಾಯಿ ದಾಟಿತು.

ಈ ಆಸೆ ಹುಟ್ಟಿದ್ದು ಹಿಂದೆ ಈಟಿವಿ ಕನ್ನಡದಲ್ಲಿ ಎಸ್.ಪಿ. ಬಾಲಸುಬ್ರಹ್ಮಣ್ಯಂ ನಡೆಸಿಕೊಡುತ್ತಿದ್ದ ‘ಎದೆ ತುಂಬಿ ಹಾಡುವೆನು’ ನೋಡುತ್ತಿದ್ದ ಕಾಲದಲ್ಲಿ. ಹಾಡು ಮುಗಿದ ಕೂಡಲೇ ಕ್ಯಾಮೆರಾ ಸಭಿಕರ ಮೇಲೆ ಹರಿದಾಗಲೆಲ್ಲ, ಅಲ್ಲಿ ಕುಳಿತವರು ಎಷ್ಟು ಪುಣ್ಯವಂತರು ಎಂದು ನನ್ನ ಹೆಂಡತಿ ಹೇಳುತ್ತಿದ್ದಳು. ಆ ಪುಣ್ಯದ ಲೆಕ್ಕಾಚಾರ ನಮಗೆ ತಿಳಿದದ್ದು ಬಹಳ ತಡವಾಗಿ.

ದೂರದರ್ಶನಕ್ಕೆ ನಮ್ಮನ್ನು ಕರೆದದ್ದು ತಬಲಾ ನುಡಿಸುವ ನೆರೆಮನೆಯವರು. ಮಧ್ಯಾಹ್ನ ಮೂರು ಗಂಟೆಗೆ ಗೇಟಿನಲ್ಲಿ ಗುರುತಿನ ಚೀಟಿ ತೋರಿಸಿ, ಪುಸ್ತಕದಲ್ಲಿ ಹೆಸರು ಬರೆದು ಒಳಗೆ ಹೋದೆವು. ಸ್ಟುಡಿಯೊದಲ್ಲಿ ನೂರಕ್ಕೂ ಕಡಿಮೆ ಕುರ್ಚಿಗಳಿದ್ದವು. ಹಾಡು ಪೂರ್ತಿ ಮುಗಿದು ವಾದ್ಯಗಳ ನಾದ ಅಡಗಿದ ಮೇಲೆಯೇ ಚಪ್ಪಾಳೆ ತಟ್ಟಬೇಕು, ಕೆಮ್ಮುವವರು ಈಗಲೇ ಕೆಮ್ಮಿಕೊಳ್ಳಬೇಕು ಎಂಬ ಎರಡು ಸೂಚನೆಗಳನ್ನು ಫ್ಲೋರ್ ಮ್ಯಾನೇಜರ್ ಕೊಟ್ಟರು. ಬೇಂದ್ರೆಯವರ ಮತ್ತು ಕೆ.ಎಸ್. ನರಸಿಂಹಸ್ವಾಮಿಯವರ ಕವಿತೆಗಳನ್ನು ಹತ್ತು ಅಡಿ ದೂರದಲ್ಲಿ ಕುಳಿತು ಕೇಳಿದೆವು. ನಡುವೆ ಒಮ್ಮೆ ಎ.ಸಿ.ಯ ತಂಪಿಗೆ ತಬಲಾದ ಶ್ರುತಿ ಇಳಿದು, ಅದನ್ನು ಸುತ್ತಿಗೆಯಿಂದ ತಟ್ಟಿ ಸರಿಪಡಿಸಿಕೊಂಡು ಅದೇ ಹಾಡನ್ನು ಮತ್ತೆ ಹಾಡಿದರು. ಎರಡನೆಯ ಸಲ ಗಾಯಕಿ ಮೊದಲಿಗಿಂತ ಬಿಡುವಾಗಿ, ಪಲ್ಲವಿಯನ್ನು ಇನ್ನೊಂದು ರೀತಿಯಲ್ಲಿ ಎತ್ತಿಕೊಂಡದ್ದು ನಮಗೆ ದೊರೆತ ಲಾಭ. ಪ್ಲಾಸ್ಟಿಕ್ ಕುರ್ಚಿ ಬೆನ್ನಿಗೆ ಹಿತವಾಗಿರಲಿಲ್ಲ, ಕಾಫಿಯೂ ಸಿಗಲಿಲ್ಲ. ಏಳು ಗಂಟೆಗೆ ಮೊದಲೇ ಹೊರಬಂದು ಮೇಖ್ರಿ ವೃತ್ತದಲ್ಲಿ ಬಸ್ ಹಿಡಿದೆವು.

ದೂರದರ್ಶನದ ಚಂದನ ವಾಹಿನಿಯಲ್ಲಿ 2002ರಿಂದ ಡಾ. ನಾ. ಸೋಮೇಶ್ವರ ಅವರು ನಡೆಸಿಕೊಡುತ್ತಿರುವ ‘ಥಟ್ ಅಂತ ಹೇಳಿ’ ರಸಪ್ರಶ್ನೆಯಲ್ಲಿ ಬಹುಮಾನವಾಗಿ ಕನ್ನಡ ಪುಸ್ತಕಗಳನ್ನೇ ಕೊಡುತ್ತಾರೆ. ಆಡಂಬರವಿಲ್ಲದ ಆ ಗುಣವನ್ನೇ ನಾನು ಆ ಸ್ಟುಡಿಯೊದಲ್ಲಿಯೂ ಕಂಡೆ ಎಂದರೆ ಪಕ್ಷಪಾತವೆನಿಸಬಹುದು. ಅಂಥ ಪಕ್ಷಪಾತ ನನಗಿದೆ.

ಖಾಸಗಿ ವಾಹಿನಿಯ ಪಾಸು ಬಂದದ್ದು ಪ್ರೇಕ್ಷಕರನ್ನು ಒಟ್ಟುಗೂಡಿಸುವ ಕೋಆರ್ಡಿನೇಟರ್ ಒಬ್ಬರ ವಾಟ್ಸ್ಆ್ಯಪ್ ಸಂದೇಶವಾಗಿ. ಮಧ್ಯಾಹ್ನ 12 ಗಂಟೆಗೆ ಹಾಜರಿರಬೇಕು, ಗಾಢ ಬಣ್ಣದ ಎರಡು ಜೊತೆ ಬಟ್ಟೆ ತರಬೇಕು, ಬಿಳಿ ಮತ್ತು ಕಪ್ಪು ಬೇಡ, ಸಣ್ಣ ಚೌಕಳಿಯಂತೂ ಬೇಡವೇ ಬೇಡ ಎಂದು ಅದರಲ್ಲಿತ್ತು. ಬಹಳ ಸಣ್ಣ ಗೆರೆಗಳು ಅಥವಾ ಚೌಕಳಿಗಳು ಕ್ಯಾಮೆರಾದಲ್ಲಿ ಅಲೆಯಲೆಯಾಗಿ ನಡುಗುವಂತೆ ಕಾಣುತ್ತವೆ. ಬಿಳಿ ಬಟ್ಟೆ ಪ್ರಖರ ಬೆಳಕಿಗೆ ಉರಿದಂತೆ ಕಂಡು ಮುಖವನ್ನು ಮಂಕಾಗಿಸುತ್ತದೆ. ನನ್ನ ಅಂಗಿಗಳೆಲ್ಲವೂ ಸಣ್ಣ ಚೌಕಳಿಯವೇ ಆಗಿದ್ದುದರಿಂದ ನನ್ನನ್ನು ಹಿಂದಿನ ಸಾಲಿಗೆ ಕಳುಹಿಸಿ, ನೇರಳೆ ರೇಷ್ಮೆ ಸೀರೆಯ ನನ್ನ ಹೆಂಡತಿಯನ್ನು ಎರಡನೆಯ ಸಾಲಿನಲ್ಲಿ ಕೂರಿಸಿದರು. ಎರಡು ಜೊತೆ ಬಟ್ಟೆ ಏಕೆಂದರೆ, ಒಂದೇ ದಿನ ಎರಡು ಎಪಿಸೋಡುಗಳನ್ನು ಚಿತ್ರಿಸುತ್ತಾರೆ. ಎರಡನೆಯದಕ್ಕೆ ಬಟ್ಟೆ ಬದಲಿಸಿ, ಜಾಗವನ್ನೂ ಬದಲಿಸಿ ಕುಳಿತರೆ ಮನೆಯಲ್ಲಿ ನೋಡುವವರಿಗೆ ಬೇರೆ ಸಭೆಯಂತೆ ತೋರುತ್ತದೆ. ಮುನ್ನೂರಕ್ಕೂ ಹೆಚ್ಚು ಜನ ಅರ್ಧ ಗಂಟೆಯಲ್ಲಿ ಬಟ್ಟೆ ಬದಲಿಸಲು ಹೆಂಗಸರಿಗೆ ಒಂದು, ಗಂಡಸರಿಗೆ ಒಂದು ಕೋಣೆ ಇದ್ದವು.

ಇಷ್ಟನ್ನು ನಾನು ಸಹಿಸಿಕೊಂಡೆ. ಸಹಿಸಲಾಗದೆ ಹೋದದ್ದು ಹೊರಗೆ ಬಿಡದಿರುವ ಪದ್ಧತಿ.

ಚಿತ್ರೀಕರಣ ಆರಂಭವಾದದ್ದು ನಾಲ್ಕೂವರೆಗೆ. ರಾತ್ರಿ ಎಂಟಕ್ಕೆ ಊಟ ಮಾಡಿ ಬಿ.ಪಿ. ಮಾತ್ರೆ ತೆಗೆದುಕೊಳ್ಳುವುದು ನನ್ನ ಹನ್ನೊಂದು ವರ್ಷಗಳ ಅಭ್ಯಾಸ. ಮಾತ್ರೆ ಹೊರಗೆ ಬ್ಯಾಗಿನಲ್ಲಿತ್ತು, ಬ್ಯಾಗು ಮೊಬೈಲಿನ ಜೊತೆ ಕೌಂಟರಿನಲ್ಲಿತ್ತು. ಎಂಟು ಗಂಟೆಗೆ ಎದ್ದು ನಿಂತಾಗ ಹುಡುಗನೊಬ್ಬ ಓಡಿಬಂದು, “ಅಂಕಲ್, ದಯವಿಟ್ಟು ಕೂತ್ಕೊಳ್ಳಿ, ಕಂಟಿನ್ಯುಟಿ ಹೋಗತ್ತೆ” ಎಂದ. ಅವನು ಹೇಳಿದ ಕಾರಣ ಸುಳ್ಳಲ್ಲ. ನಾಲ್ಕಾರು ಕ್ಯಾಮೆರಾಗಳು ಬೇರೆ ಬೇರೆ ಕೋನಗಳಿಂದ ಹಿಡಿದದ್ದನ್ನು ಸಂಕಲನಕಾರರು ಮುಂದಿನ ದಿನಗಳಲ್ಲಿ ಕತ್ತರಿಸಿ ಜೋಡಿಸುವಾಗ, ಒಂದು ಕ್ಷಣ ತುಂಬಿದ್ದ ಕುರ್ಚಿ ಮರುಕ್ಷಣ ಖಾಲಿಯಾಗಿ, ಮತ್ತೆ ತುಂಬಿ ಕಂಡರೆ ನೋಡುವವರ ಕಣ್ಣಿಗೆ ಅದು ಚುಚ್ಚುತ್ತದೆ. ಆದ್ದರಿಂದ ಬ್ರೇಕ್ ಕೊಡುವವರೆಗೆ ಯಾರೂ ಏಳುವಂತಿಲ್ಲ. ಆ ಬ್ರೇಕ್ ಬಂದದ್ದು ಹತ್ತು ಗಂಟೆಯ ಮೇಲೆ, ತಣ್ಣಗಾದ ಪಲಾವಿನ ಪೊಟ್ಟಣದೊಂದಿಗೆ.

ನನ್ನ ದೂರು ಆ ಹುಡುಗನ ಮೇಲಲ್ಲ. ಬರಬೇಕಾದ ಹೊತ್ತನ್ನು, ತೊಡಬೇಕಾದ ಬಣ್ಣವನ್ನು ಅಷ್ಟು ವಿವರವಾಗಿ ಬರೆದಿದ್ದ ಸಂದೇಶದಲ್ಲಿ ಬಿಡುವ ಹೊತ್ತಿನ ಬಗ್ಗೆ ಒಂದಕ್ಷರವೂ ಇರಲಿಲ್ಲ ಎಂಬುದೇ ನನ್ನ ದೂರು. ಕೇಳಿದಾಗಲೆಲ್ಲ “ಇನ್ನೊಂದು ಪರ್ಫಾರ್ಮೆನ್ಸ್ ಅಷ್ಟೇ” ಎಂಬ ಉತ್ತರ ಬರುತ್ತಿತ್ತು. ನನ್ನ ಪಕ್ಕದಲ್ಲಿದ್ದ ಮಹಿಳೆ ದಿನದ ಲೆಕ್ಕದಲ್ಲಿ ಹಣ ಪಡೆದು ಪ್ರೇಕ್ಷಕರಾಗಿ ಬರುವವರು. ನಡುವೆ ಯಾರಾದರೂ ಹೊರಟೇಹೋದರೆ ಆ ಕುರ್ಚಿಗೆ ಸರಿದು ಕೂರುವುದೂ ಅವರ ಕೆಲಸವಂತೆ. ಶಾಲು ಹೊದ್ದು, ಸೆರಗಿನ ಗಂಟಿನಿಂದ ಚಕ್ಕುಲಿ ಮುರಿದು ಕೊಡುತ್ತ, “ಸಾರ್, ರಾತ್ರಿ ಒಂದು ಗಂಟೆ ಆಗ್ತದೆ, ಮನಸ್ಸು ಗಟ್ಟಿ ಮಾಡ್ಕೊಳ್ಳಿ” ಎಂದು ಅವರೊಬ್ಬರೇ ನಿಜ ಹೇಳಿದರು. ಹಾಗೆಯೇ ಆಯಿತು. ಬಿಟ್ಟದ್ದು 1 ಗಂಟೆ 20 ನಿಮಿಷಕ್ಕೆ, ಮೊಬೈಲು ಕೈಗೆ ಬಂದದ್ದು ಎರಡಕ್ಕೆ. ಮೆಟ್ರೊ ನಿಂತು ಹೋಗಿ ಎಷ್ಟೋ ಹೊತ್ತಾಗಿತ್ತು. ರಾತ್ರಿ ಹತ್ತರ ಮೇಲೆ ಆಟೊಗೆ ಒಂದೂವರೆ ಪಟ್ಟು ಎಂಬುದು ನಿಯಮ. ಊರಾಚೆಯ ಆ ರಸ್ತೆಯಲ್ಲಿ ನಿಯಮವನ್ನು ನೆನಪಿಸುವ ಧೈರ್ಯ ನನಗಾಗಲಿಲ್ಲ, 900 ರೂಪಾಯಿ ಕೊಟ್ಟೆ.

ಇನ್ನೊಂದು ಸಂಗತಿ. ಸ್ಪರ್ಧಿಗಳು ವೇದಿಕೆಗೆ ಬರುವ ಮೊದಲೇ ನಮ್ಮಿಂದ ನಗು, ಬೆರಗು, ಎದ್ದುನಿಂತು ತಟ್ಟುವ ಚಪ್ಪಾಳೆ ಇವನ್ನೆಲ್ಲ ಮಾಡಿಸಿ ಚಿತ್ರಿಸಿಟ್ಟುಕೊಂಡಿದ್ದರು. ಅದಾದ ಮೇಲೂ ಒಂದು ಕ್ಯಾಮೆರಾ ನಮ್ಮ ಕಡೆಗೆ ಓಡಾಡುತ್ತಲೇ ಇತ್ತು. ಕೆಲವು ವಾರಗಳ ನಂತರ ಪ್ರಸಾರವಾದಾಗ ತಾಯಿಯ ಕುರಿತ ಹಾಡೊಂದಕ್ಕೆ ನಾನು ಕಣ್ಣೊರೆಸಿಕೊಳ್ಳುತ್ತಿರುವುದು ಕಂಡಿತು. ಆ ಹಾಡಿದ್ದದ್ದು ಮೊದಲ ಎಪಿಸೋಡಿನಲ್ಲಿ. ನಾನು ಕಣ್ಣೊರೆಸಿಕೊಂಡದ್ದು ಮಧ್ಯರಾತ್ರಿಯ ಮೇಲೆ, ಆಕಳಿಕೆಯ ನೀರಿಗೆ. ಒಳ್ಳೆಯ ಅಂಗಿಗಳಿಲ್ಲದ ನಾನು ದಿನವಿಡೀ ಒಂದೇ ಅಂಗಿಯಲ್ಲಿದ್ದುದು ಸಂಕಲನಕಾರರಿಗೆ ಅನುಕೂಲವಾಗಿರಬೇಕು. ಧಾರವಾಡದಿಂದ ನಾದಿನಿ ಕರೆ ಮಾಡಿ, “ಭಾವಾರು ಇಷ್ಟು ಮೆತ್ತನ್ನ ಮನಸ್ನೋರು ಅಂತ ಗೊತ್ತೇ ಇರ್ಲಿಲ್ಲ” ಎಂದಳು. ನಾನು ತಿದ್ದಲು ಹೋಗಲಿಲ್ಲ.

ಆದರೆ ಖಾಸಗಿ ಸ್ಟುಡಿಯೊದ ಹೆಚ್ಚುಗಾರಿಕೆಯನ್ನೂ ಹೇಳಬೇಕು. ಪೂರ್ಣ ವಾದ್ಯವೃಂದದ ಧ್ವನಿ ಎದೆಗೆ ಬಂದು ತಾಗುವ ಅನುಭವ ದೂರದರ್ಶನದ ಪುಟ್ಟ ಸ್ಟುಡಿಯೊದಲ್ಲಿ ಇಲ್ಲ. ಟಿವಿಯಲ್ಲಿ ಎರಡು ನಿಮಿಷಕ್ಕೆ ಇಳಿದ ತೀರ್ಪುಗಾರರ ಮಾತು ಅಲ್ಲಿ ಇಪ್ಪತ್ತು ನಿಮಿಷ ನಡೆದಿತ್ತು. ಕತ್ತರಿಸಿ ಬಿಟ್ಟ ಆ ಭಾಗದಲ್ಲಿ ಒಬ್ಬ ಹುಡುಗನಿಗೆ ಉಸಿರು ಎಲ್ಲಿ ತೆಗೆದುಕೊಳ್ಳಬೇಕೆಂದು ಹಾಡಿ ತೋರಿಸಿದ್ದು, ನನ್ನ ಮಟ್ಟಿಗೆ, ಇಡೀ ದಿನದ ಅತ್ಯುತ್ತಮ ಗಳಿಗೆ.

ದಾವಣಗೆರೆಯ ಸಂಕ್ರಾಂತಿಯ ಬಗ್ಗೆ ಹೆಚ್ಚು ಹೇಳುವುದಿಲ್ಲ. ಹಬ್ಬಕ್ಕೆ ಎರಡು ವಾರ ಮೊದಲೇ ಎಳ್ಳುಬೆಲ್ಲ ಹಂಚಿದರು. ಉದ್ದ ತೋಳಿನ ಜಿಮ್ಮಿ ಜಿಬ್ ಕ್ಯಾಮೆರಾ ನಮ್ಮ ತಲೆಯ ಮೇಲೆಯೇ ತೂಗಾಡುತ್ತಿದ್ದುದರಿಂದ ವೇದಿಕೆಯನ್ನು ನೋಡಿದ್ದಕ್ಕಿಂತ ಪಕ್ಕದ ಎಲ್‌ಇಡಿ ಪರದೆಯನ್ನು ನೋಡಿದ್ದೇ ಹೆಚ್ಚು. ಬೇಸರವಾದಾಗ ಎದ್ದುಹೋಗಿ ಮಂಡಕ್ಕಿ, ಮೆಣಸಿನಕಾಯಿ ತಿಂದು ಬರುವ ಸ್ವಾತಂತ್ರ್ಯವಿತ್ತು, ಅದಕ್ಕಾಗಿ ಅದಕ್ಕೆ ಎರಡನೆಯ ಸ್ಥಾನ ಕೊಡುತ್ತೇನೆ. ಆ ಊರಿನವರಾದರೆ ಸರಿ. ಅದಕ್ಕೆಂದೇ ಬೆಂಗಳೂರಿನಿಂದ ಹೋಗುವುದು ದುಂದು.

ಎಂಟಕ್ಕೆ ಊಟ, ಹತ್ತಕ್ಕೆ ನಿದ್ದೆ, ತಿಂಗಳ ಕೊನೆಗೆ ಪಿಂಚಣಿಯ ದಾರಿ ಕಾಯುವ ನನ್ನಂಥವರಿಗೆ ದೂರದರ್ಶನವೇ ಸರಿ. ಇಪ್ಪತ್ತೈದರ ವಯಸ್ಸಿನವರು, ಮರುದಿನ ರಜೆ ಇರುವವರು, ಸ್ವಂತ ವಾಹನ ಉಳ್ಳವರು ನನ್ನ ಮಾತನ್ನು ಪಕ್ಕಕ್ಕಿಟ್ಟು ಹಾಡಿನ ಸ್ಪರ್ಧೆಗೇ ಹೋಗಬಹುದು. ನನ್ನ ಹೆಂಡತಿ ಇವರಲ್ಲಿ ಯಾವ ಗುಂಪಿಗೂ ಸೇರದಿದ್ದರೂ ಅವಳ ಆಯ್ಕೆ ಅದೇ. ಅದೇ ಕೋಆರ್ಡಿನೇಟರ್‌ನಿಂದ ಮುಂದಿನ ಶನಿವಾರಕ್ಕೆ ಮತ್ತೆ ಪಾಸು ಬಂದಿದ್ದು, ಅವಳು ತನ್ನ ತಂಗಿಯನ್ನು ಧಾರವಾಡದಿಂದ ಕರೆಸಿಕೊಂಡಿದ್ದಾಳೆ. ಬ್ಯಾಗಿಗೆ ಎರಡು ಶಾಲು, ಬಾಳೆಹಣ್ಣು ಮತ್ತು ಚಕ್ಕುಲಿ ಹಾಕುವ ಹೊಣೆ ನನ್ನದು. ರಾತ್ರಿ ಒಂದೂವರೆಗೆ ಗೇಟಿನ ಬಳಿ ಬಂದು ನಿಲ್ಲುವಂತೆ ನಮ್ಮ ಬೀದಿಯ ಟ್ಯಾಕ್ಸಿಯವನಿಗೆ 700 ರೂಪಾಯಿಗೆ ಮೊದಲೇ ಹೇಳಿಟ್ಟಿದ್ದೇನೆ.