ದಾವಣಗೆರೆಯಿಂದ ಸ್ಪಿತಿಗೆ 16 ದಿನ: ಮಲಗುವ ಊರುಗಳ ಪಟ್ಟಿ ನೋಡಿ ದುಡ್ಡು ಕಟ್ಟಿ

ಹಿಮಾಚಲದ ಸ್ಪಿತಿ ಕಣಿವೆಗೆ ದಾವಣಗೆರೆಯಿಂದಲೇ ಗುಂಪು ಕಟ್ಟಿ ಕರೆದೊಯ್ಯುವ ಟ್ರಾವೆಲ್ಸ್‌ನವರು ಈಗ ಇದ್ದಾರೆ. ಇಲ್ಲಿ ವಿಮರ್ಶೆಗೆ ತೆಗೆದುಕೊಂಡಿರುವುದು ಅಂಥದೊಂದು ಸೇವೆಯ 16 ದಿನಗಳ ಪ್ಯಾಕೇಜ್. ಹೆಸರು ಬರೆದಿಲ್ಲ, ಏಕೆಂದರೆ ಈ ದಾರಿಯನ್ನು ಯಾರೇ ಮಾರಲಿ, ಅಳೆಯಬೇಕಾದ ಅಳತೆಗೋಲು ಒಂದೇ. ಅದು ದರದ್ದಲ್ಲ, ಹೋಟೆಲಿನದ್ದೂ ಅಲ್ಲ. ಯಾವ ರಾತ್ರಿ ಯಾವ ಊರಲ್ಲಿ ಮಲಗಿಸುತ್ತಾರೆ ಅನ್ನುವುದು.

ದಾವಣಗೆರೆ ಸಮುದ್ರಮಟ್ಟದಿಂದ ಸುಮಾರು 600 ಮೀಟರ್ ಎತ್ತರದಲ್ಲಿದೆ, ಚಿತ್ರದುರ್ಗ 730ರ ಆಸುಪಾಸು. ಸ್ಪಿತಿಯ ದೊಡ್ಡ ಊರು ಕಾಜಾ 3,650 ಮೀಟರ್. ಅಲ್ಲಿ ಗಾಳಿಯ ಒತ್ತಡ ಸಮುದ್ರಮಟ್ಟದ ಮೂರರಲ್ಲಿ ಎರಡು ಪಾಲೂ ಇಲ್ಲ. ಒಂದೊಂದು ಉಸಿರಿಗೆ ಸಿಗುವ ಆಮ್ಲಜನಕವೂ ಅದೇ ಲೆಕ್ಕದಲ್ಲಿ ಕಡಿಮೆ. ಮೈ ಇದಕ್ಕೆ ಒಗ್ಗಿಕೊಳ್ಳುತ್ತದೆ, ಆದರೆ ತನ್ನದೇ ನಿಧಾನದಲ್ಲಿ. ಬೆಟ್ಟದ ವೈದ್ಯರು ಹೇಳುವ ನಿಯಮ ಸರಳ: 3,000 ಮೀಟರ್ ದಾಟಿದ ಮೇಲೆ ಮಲಗುವ ಜಾಗದ ಎತ್ತರ ದಿನಕ್ಕೆ 500 ಮೀಟರ್‌ಗಿಂತ ಹೆಚ್ಚು ಏರಬಾರದು, ಮೂರು ನಾಲ್ಕು ದಿನಕ್ಕೊಮ್ಮೆ ಒಂದೇ ಊರಲ್ಲಿ ಇನ್ನೊಂದು ರಾತ್ರಿ ಉಳಿಯಬೇಕು. ಹಗಲಲ್ಲಿ ಮೇಲೆ ಹೋಗಿ ಕೆಳಗೆ ಬಂದು ಮಲಗಿದರೆ ಅಡ್ಡಿಯಿಲ್ಲ.

ಸ್ಪಿತಿಗೆ ಎರಡು ದಾರಿ. ಒಂದು ಮನಾಲಿ ಕಡೆಯಿಂದ. 2020ರ ಅಕ್ಟೋಬರ್‌ನಲ್ಲಿ 9 ಕಿಲೋಮೀಟರಿನ ಅಟಲ್ ಸುರಂಗ ತೆರೆದ ಮೇಲೆ ಇದು ಇನ್ನೂ ಹತ್ತಿರವಾಯಿತು, ಸುಮಾರು 200 ಕಿಲೋಮೀಟರ್, ಒಂದೇ ಹಗಲಿನ ಓಟ. ಪ್ಯಾಕೇಜ್ ಅಗ್ಗ ಮಾಡಬೇಕೆನ್ನುವವರು ಈ ದಾರಿ ಹಿಡಿಯುತ್ತಾರೆ. ಆದರೆ ಮನಾಲಿ ಇರುವುದು 2,050 ಮೀಟರ್‌ನಲ್ಲಿ. ಬೆಳಗ್ಗೆ ಹೊರಟು, 4,551 ಮೀಟರ್‌ನ ಕುಂಜುಮ್ ಘಾಟಿ ದಾಟಿ, ರಾತ್ರಿ ಕಾಜಾದಲ್ಲಿ ಮಲಗಿದರೆ ಒಂದೇ ದಿನಕ್ಕೆ 1,600 ಮೀಟರ್ ಏರಿದಂತಾಯಿತು. ಮೊದಲ ರಾತ್ರಿಯೇ ಚಂದ್ರತಾಲ್ ಕೆರೆಯ ಬಳಿಯ ಕ್ಯಾಂಪ್ ಅಂದರೆ ಏರಿಕೆ 2,200 ಮೀಟರ್. ಅಂಥ ಪಟ್ಟಿ ಕೈಗೆ ಕೊಟ್ಟವರಿಗೆ ಮುಂಗಡ ಕೊಡಬೇಡಿ. ತಲೆನೋವು, ವಾಂತಿ, ನಿದ್ದೆಯಿಲ್ಲದೆ ಎದ್ದು ಕೂರುವುದು, ಇದೆಲ್ಲ ಆ ಪಟ್ಟಿಯಲ್ಲೇ ಬರೆದಿಟ್ಟಂತೆ.

ಇನ್ನೊಂದು ದಾರಿ ಶಿಮ್ಲಾ, ಕಿನ್ನೌರ್ ಮೇಲೆ. ಉದ್ದ, ನಿಧಾನ. ಈ ಸೇವೆಯವರು ಇದನ್ನೇ ಹಿಡಿದಿರುವುದು ಅವರ ದೊಡ್ಡ ಗುಣ. ರೈಲು ಕರ್ನಾಟಕ ಸಂಪರ್ಕ ಕ್ರಾಂತಿ, ದಾವಣಗೆರೆಯಲ್ಲಿ ಹತ್ತಿದರೆ ಚಂಡೀಗಢದಲ್ಲೇ ಇಳಿಯುವುದು. ಅಲ್ಲಿಂದ ಗಾಡಿ. ಮಲಗುವ ಊರುಗಳು ಹೀಗೆ: ನಾರ್ಕಂಡಾ 2,700 ಮೀಟರ್, ಕಲ್ಪಾ 2,960ರಲ್ಲಿ ಎರಡು ರಾತ್ರಿ, ತಾಬೋ 3,280, ಕಾಜಾದಲ್ಲಿ ಮೂರು ರಾತ್ರಿ, ಚಂದ್ರತಾಲ್ ಸುಮಾರು 4,250, ಆಮೇಲೆ ಇಳಿಜಾರು, ಮನಾಲಿ. ಕುಂಜುಮ್ ಬರುವುದು ಕೊನೆಗೆ, ಮೈ ಒಗ್ಗಿದ ಮೇಲೆ.

ಈ ಪಟ್ಟಿಯಲ್ಲಿ ಒಂದು ಜಾಣತನ ಇದೆ, ಸುಲಭಕ್ಕೆ ಕಣ್ಣಿಗೆ ಬೀಳುವುದಿಲ್ಲ. ಹೆಚ್ಚಿನವರು ಕಲ್ಪಾ ಬಿಟ್ಟ ರಾತ್ರಿ ನಾಕೋದಲ್ಲಿ ಉಳಿಸುತ್ತಾರೆ. ಕೆರೆ ಇದೆ, ಚಂದದ ಊರು, ದಾರಿಯೂ ಅರ್ಧಕ್ಕೆ ಮುರಿಯುತ್ತದೆ. ಆದರೆ ನಾಕೋ 3,660 ಮೀಟರ್, ಹೆಚ್ಚುಕಡಿಮೆ ಕಾಜಾದಷ್ಟೇ ಎತ್ತರ. ಕಲ್ಪಾದಿಂದ ಒಮ್ಮೆಗೇ 700 ಮೀಟರ್ ಏರಿಕೆ. ಇವರು ನಾಕೋದಲ್ಲಿ ಮಧ್ಯಾಹ್ನದ ಊಟ ಮುಗಿಸಿ, ಇನ್ನೂ 65 ಕಿಲೋಮೀಟರ್ ಓಡಿಸಿ ತಾಬೋಗೆ ಇಳಿಸುತ್ತಾರೆ. ಆ ದಿನ ಎಂಟು ಗಂಟೆ ಗಾಡಿಯಲ್ಲಿ ಕೂರಬೇಕು, ಸೊಂಟ ಹಿಡಿಯುತ್ತದೆ. ರಾತ್ರಿ ಮಾತ್ರ ನಿದ್ದೆ ಬರುತ್ತದೆ.

ಚಂದ್ರತಾಲ್ ರಾತ್ರಿಯ ಬಗ್ಗೆ ನಮ್ಮ ತಕರಾರಿದೆ. ಕಾಜಾದಿಂದ ಅಲ್ಲಿಗೆ 600 ಮೀಟರ್ ಏರಿಕೆ, ನಿಯಮಕ್ಕಿಂತ 100 ಹೆಚ್ಚು. ಮೂರು ರಾತ್ರಿ ಕಾಜಾದಲ್ಲಿ ಕಳೆದು, ಹಗಲಲ್ಲಿ ಲಾಂಗ್ಜಾ, ಹಿಕ್ಕಿಂ, ಕೋಮಿಕ್ ಕಡೆ 4,400 ಮೀಟರ್ ಮೇಲೆ ಅಡ್ಡಾಡಿ ಬಂದವರಿಗೆ ಸಾಮಾನ್ಯವಾಗಿ ತೊಂದರೆಯಾಗದು. ಆದರೆ ಕಾಜಾದಲ್ಲೇ ಸರಿಯಾಗಿ ನಿದ್ದೆ ಮಾಡದವರು ಗುಂಪಿನಲ್ಲಿ ಒಬ್ಬರಿದ್ದರೂ ಆ ರಾತ್ರಿ ಬಿಟ್ಟು ನೇರ ಮನಾಲಿಗೆ ಹೋಗುವುದೇ ಸರಿ. ಹಾಗೆ ಬದಲಿಸುತ್ತಾರಾ, ಮೊದಲೇ ಕೇಳಿ.

ಕಾಜಾ ಬಗ್ಗೆ ಇನ್ನೊಂದು ವಿಷಯ ಹೊರಡುವ ಮುಂಚೆಯೇ ಗೊತ್ತಿರಬೇಕು. ಅಲ್ಲಿ ಯಾರಿಗಾದರೂ ಎತ್ತರದ ಕಾಯಿಲೆ ಜೋರಾದರೆ ಮದ್ದು ಒಂದೇ, ಕೆಳಗಿಳಿಸುವುದು. ಆದರೆ ಕಾಜಾದಿಂದ ಯಾವ ಕಡೆ ಇಳಿಯಬೇಕೆಂದರೂ ದಾರಿಯಲ್ಲಿ ಮತ್ತೆ ಹತ್ತಬೇಕು. ಮನಾಲಿ ಕಡೆ ಕುಂಜುಮ್ ಅಡ್ಡ ನಿಂತಿದೆ. ಕಿನ್ನೌರ್ ಕಡೆ ಸುಮ್ದೋವರೆಗೆ ಇಳಿದ ರಸ್ತೆ ಮಲ್ಲಿಂಗ್ ಹತ್ತಿರ ತಿರುಗಿ ನಾಕೋ ಎತ್ತರಕ್ಕೆ ಏರಿ, ಆಮೇಲೆ ಖಾಬ್‌ಗೆ, ಸಟ್ಲೆಜ್ ಮತ್ತು ಸ್ಪಿತಿ ನದಿಗಳು ಕೂಡುವಲ್ಲಿಗೆ, ಇಳಿಯುತ್ತದೆ. ಹಾಗಾಗಿ ಗಾಡಿಯಲ್ಲಿ ಆಮ್ಲಜನಕ ಇರಲೇಬೇಕು, ಅದೂ ಡಬ್ಬಿಯದಲ್ಲ. ಅಂಗಡಿಯಲ್ಲಿ ಸಿಗುವ ಸ್ಪ್ರೇ ಡಬ್ಬಿಯಲ್ಲಿ ಹತ್ತು ಲೀಟರ್ ಅನಿಲ ಇದ್ದರೆ, ನಿಮಿಷಕ್ಕೆ ಎರಡು ಲೀಟರ್‌ನಂತೆ ಐದೇ ನಿಮಿಷಕ್ಕೆ ಖಾಲಿ. ಆಸ್ಪತ್ರೆಯವರು ಬಿ ಟೈಪ್ ಅನ್ನುವ ಸಿಲಿಂಡರಿನಲ್ಲಿ 1,500 ಲೀಟರ್ ಹಿಡಿಯುತ್ತದೆ, ಅದೇ ಲೆಕ್ಕದಲ್ಲಿ 12 ಗಂಟೆ ಬರುತ್ತದೆ. ಈ ಸೇವೆಯವರು ಒಂದು ಬಿ ಟೈಪ್ ಸಿಲಿಂಡರ್, ರೆಗ್ಯುಲೇಟರ್, ಎರಡು ಮಾಸ್ಕ್ ಇಡುತ್ತಾರೆ. ಚಂಡೀಗಢದಲ್ಲಿ ಗಾಡಿ ಹತ್ತುವಾಗಲೇ ಕೀಲಿ ತಿರುಗಿಸಿ ಮುಳ್ಳು 150ರ ಹತ್ತಿರ ನಿಂತಿದೆಯೇ ನೋಡಿ. ಮುಳ್ಳು ಅರ್ಧದಲ್ಲಿದ್ದರೆ ಸಿಲಿಂಡರೂ ಅರ್ಧ.

ಬೆರಳಿಗೆ ಹಾಕಿ ರಕ್ತದ ಆಮ್ಲಜನಕ ಅಳೆಯುವ ಆಕ್ಸಿಮೀಟರ್ ದಿನಕ್ಕೆರಡು ಸಲ ನೋಡುತ್ತಾರೆ. ಒಳ್ಳೆಯದೇ. ಆದರೆ ತಣ್ಣನೆ ಬೆರಳಿಗೆ ಅದು ಸುಳ್ಳು ಹೇಳುತ್ತದೆ, ಅಂಗೈ ಉಜ್ಜಿ ಬೆಚ್ಚಗಾದ ಮೇಲೆ ಹಾಕಬೇಕು. ಕಾಜಾದಲ್ಲಿ ಆರೋಗ್ಯವಂತರಿಗೂ 90ಕ್ಕಿಂತ ಕೆಳಗೆ ಬರುವುದು ಇದೆ, ಆ ಅಂಕಿಗೇ ಹೆದರಬೇಕಿಲ್ಲ. ಹೆದರಬೇಕಾದ್ದು ಸುಮ್ಮನೆ ಕೂತಾಗಲೂ ಏದುಸಿರು ಬಂದರೆ, ಹಿಮ್ಮಡಿಗೆ ಹೆಬ್ಬೆರಳು ಮುಟ್ಟಿಸುತ್ತ ನೇರ ಗೆರೆಯಲ್ಲಿ ನಡೆಯಲು ಆಗದೆ ತೂರಾಡಿದರೆ. ಆಗ ಬೆಳಗಾಗಲಿ ಅಂತ ಕಾಯಬಾರದು. ಎತ್ತರದ ಕಾಯಿಲೆ ತಡೆಯುವ ಅಸೆಟಜೋಲಮೈಡ್ ಮಾತ್ರೆಯನ್ನು ಸಾಮಾನ್ಯವಾಗಿ 125 ಮಿಲಿಗ್ರಾಂನಂತೆ ದಿನಕ್ಕೆರಡು ಸಲ, ಎತ್ತರಕ್ಕೆ ಹೋಗುವ ಹಿಂದಿನ ದಿನದಿಂದ ಕೊಡುತ್ತಾರೆ. ಸಲ್ಫಾ ಔಷಧಿ ಆಗದವರು, ಬಿಪಿ, ಸಕ್ಕರೆ ಕಾಯಿಲೆಗೆ ಮಾತ್ರೆ ತೆಗೆದುಕೊಳ್ಳುವವರು ಊರಲ್ಲೇ ನಿಮ್ಮ ಡಾಕ್ಟರನ್ನು ಕೇಳಿಕೊಂಡೇ ಹೊರಡಿ.

ಗಾಡಿ 12 ಸೀಟಿನ ಟೆಂಪೋ ಟ್ರಾವೆಲರ್, ಹತ್ತಿಸುವುದು ಒಂಬತ್ತು ಜನರನ್ನು. ಕೊನೆಯ ಸಾಲು ಬ್ಯಾಗುಗಳಿಗೆ. ಆ ಸಾಲು ಹಿಂದಿನ ಚಕ್ರದ ಮೇಲೇ ಬರುವುದರಿಂದ ಅಲ್ಲಿ ಮನುಷ್ಯರನ್ನು ಕೂರಿಸದಿರುವುದೇ ಧರ್ಮ. ಚಾಲಕ ಕಿನ್ನೌರ್ ಕಡೆಯವನೇ, ಇದಕ್ಕಾಗಿ ಅವರನ್ನು ಮೆಚ್ಚಲೇಬೇಕು. ಇಳಿಜಾರಿನಲ್ಲಿ ಬ್ರೇಕ್ ತುಳಿಯುತ್ತಲೇ ಇರದೆ ಎರಡನೇ ಗೇರಿನಲ್ಲಿ ಇಳಿಸುವುದು, ಎದುರಿಗೆ ಹತ್ತುವ ಗಾಡಿ ಬಂದರೆ ತಾನೇ ಹಿಂದೆ ಸರಿಯುವುದು, ಇದನ್ನೆಲ್ಲ ಬಯಲುಸೀಮೆಯ ಚಾಲಕರಿಗೆ ಹೇಳಿಕೊಡುತ್ತ ಹೋಗಲಾಗದು. ಬ್ರೇಕಿನಿಂದ ಸುಟ್ಟ ವಾಸನೆ ಬಂದರೆ ಗಾಡಿ ನಿಲ್ಲಿಸಿ ಅರ್ಧ ಗಂಟೆ ಆರಲು ಬಿಡಬೇಕು, ಬಿಸಿ ಡ್ರಮ್ಮಿಗೆ ನೀರು ಎರಚಬಾರದು, ಬಿರುಕು ಬಿಡುತ್ತದೆ. ಡೀಸೆಲ್ ರೆಕಾಂಗ್ ಪಿಯೋ ಹತ್ತಿರದ ಪೊವಾರಿಯಲ್ಲಿ ಭರ್ತಿ ಮಾಡಿಸಿದರೆ, ಮುಂದೆ ನಂಬಿಕೊಳ್ಳಬಹುದಾದ ಬಂಕ್ ಕಾಜಾದಲ್ಲೇ. ಕಾಜಾದಲ್ಲಿ ಮತ್ತೆ ಭರ್ತಿ, ಮನಾಲಿವರೆಗೆ ಅದೇ ಗತಿ. ಟೈರಿನ ಗಾಳಿ ಎತ್ತರಕ್ಕೆ ಹೋದಂತೆ ಮೀಟರಿನಲ್ಲಿ ನಾಲ್ಕೈದು ಪಿಎಸ್‌ಐ ಹೆಚ್ಚು ತೋರಿಸುತ್ತದೆ, ಹೊರಗಿನ ಒತ್ತಡ ಇಳಿದಿರುತ್ತದಲ್ಲ. ಚಳಿ ಅಷ್ಟನ್ನೇ ಇಳಿಸುತ್ತದೆ. ಆದ್ದರಿಂದ ಗಾಳಿ ಬಿಡುವ ಅವಸರ ಬೇಡ, ಬೆಳಗ್ಗೆ ಟೈರು ತಣ್ಣಗಿರುವಾಗ ನೋಡಿ ತೀರ್ಮಾನಿಸಬೇಕು.

ಕಷ್ಟದ ತುಂಡು ಕುಂಜುಮ್ ಇಳಿದ ಮೇಲೆ, ಬಾತಲ್‌ನಿಂದ ಛತ್ರು ದಾಟಿ ಗ್ರಾಂಫೂವರೆಗೆ. ರಸ್ತೆ ಅಂದರೆ ಉರುಟು ಕಲ್ಲು, ನಡುನಡುವೆ ಹಿಮ ಕರಗಿ ಹರಿಯುವ ನಾಲಾಗಳು. ಬಿಸಿಲೇರಿದಂತೆ ಹಿಮ ಕರಗಿ ಮಧ್ಯಾಹ್ನದ ಮೇಲೆ ನೀರು ಏರುತ್ತದೆ, ಬೆಳಗ್ಗೆ ಮೊಣಕಾಲಿಗಿಂತ ಕೆಳಗಿದ್ದ ನಾಲಾ ಸಂಜೆಗೆ ಗಾಡಿ ಎಳೆಯುವಷ್ಟಾಗುತ್ತದೆ. ಚಂದ್ರತಾಲ್‌ನಿಂದ ಬೆಳಗ್ಗೆ ಆರಕ್ಕೇ ಹೊರಡಿಸುವ ಇವರ ಪದ್ಧತಿ ಸರಿಯಾದದ್ದು. ತಿಂಡಿ ತಡವಾಯಿತು ಅಂತ ಗೊಣಗುವವರು ಇದನ್ನು ತಿಳಿದುಕೊಳ್ಳಬೇಕು.

ಊಟದ ವಿಷಯಕ್ಕೆ ಬರೋಣ, ನಮ್ಮ ಕಡೆಯವರ ಮೊದಲ ಪ್ರಶ್ನೆ ಅದೇ. ಕಾಜಾದಲ್ಲಿ ನೀರು ಸುಮಾರು 88 ಡಿಗ್ರಿಗೇ ಕುದಿಯುತ್ತದೆ. ತೆರೆದ ಪಾತ್ರೆಯಲ್ಲಿ ಎಷ್ಟು ಕುದಿಸಿದರೂ ತೊಗರಿಬೇಳೆ ಬೇಯದು, ಅಕ್ಕಿ ನಡುವೆ ಗಟ್ಟಿ ಉಳಿಯುತ್ತದೆ. ಸೇವೆಯವರು ಕುಕ್ಕರ್ ಒಯ್ಯುತ್ತಾರೆ. ಅದಕ್ಕೂ ಇಲ್ಲಿಗಿಂತ ಎರಡು ಮೂರು ಕೂಗು ಹೆಚ್ಚು ಬೇಕು. ಕಟಕ ರೊಟ್ಟಿ, ಶೇಂಗಾ ಚಟ್ನಿಪುಡಿ, ಗುರೆಳ್ಳು ಪುಡಿ, ಹುರಿಗಡಲೆ ಹಾಕಿದ ಮಂಡಕ್ಕಿ ಇವರ ಕಟ್ಟಿನಲ್ಲಿವೆ. ಒಲೆಯೇ ಬೇಡದ ಇಂಥ ಊಟ ಆ ದಾರಿಗೆ ಹೇಳಿ ಮಾಡಿಸಿದ್ದು. ಮಂಡಕ್ಕಿಯನ್ನು ಸೀಲು ಮಾಡಿದ ಪ್ಲಾಸ್ಟಿಕ್ಕಿನಲ್ಲಿ ಒಯ್ಯಬೇಡಿ. ಮೇಲೆ ಹೋದಂತೆ ಪೊಟ್ಟಣ ಉಬ್ಬಿ ಹೊಲಿಗೆ ಬಿಡುತ್ತದೆ, ಒಳಗಿನದು ಬ್ಯಾಗೆಲ್ಲ ಹರಡುತ್ತದೆ. ಬಟ್ಟೆ ಚೀಲ ಸಾಕು, ಅಲ್ಲಿನ ಒಣಹವೆಗೆ ಮಂಡಕ್ಕಿ ಮೆತ್ತಗಾಗುವುದೇ ಇಲ್ಲ. ಹೋಮ್‌ಸ್ಟೇಗಳಲ್ಲಿ ತ್ಸಂಪಾ ಕೊಟ್ಟರೆ ಹಿಂಜರಿಯಬೇಡಿ, ಅದು ಜವೆಯ ಹುರಿಹಿಟ್ಟು. ಬೆಣ್ಣೆ, ಉಪ್ಪು ಹಾಕಿ ಕಡೆದ ಚಹಾಕ್ಕೆ ಕಲಸಿ ತಿನ್ನುತ್ತಾರೆ. ಬೆಣ್ಣೆ ತಿಂದು ಬೆಳೆದ ಊರಿನವರಿಗೆ ಎರಡನೇ ಬಟ್ಟಲಿಗೆ ರುಚಿ ಹತ್ತುತ್ತದೆ.

ಹೋಮ್‌ಸ್ಟೇ ಶೌಚಾಲಯ ಒಣ ಪದ್ಧತಿಯದು. ಮೇಲಿನ ನೆಲದಲ್ಲಿ ಕಿಂಡಿ, ಕೆಳಗೆ ಕೋಣೆ. ಪಕ್ಕದಲ್ಲಿ ಮಣ್ಣಿನ ಗುಡ್ಡೆ, ಸಲಿಕೆ. ಮುಗಿದ ಮೇಲೆ ಒಂದು ಸಲಿಕೆ ಮಣ್ಣು ಸುರಿಯಬೇಕು. ಅದು ಗೊಬ್ಬರವಾಗಿ ಬಟಾಣಿ, ಜವೆ ಹೊಲಕ್ಕೆ ಹೋಗುತ್ತದೆ, ಕಿಂಡಿಗೆ ಬಕೆಟ್ ನೀರು ಸುರಿದರೆ ಆ ವರ್ಷದ ಗೊಬ್ಬರ ಕೆಟ್ಟಿತು. ಹೊದಿಕೆ ಅವರೇ ದಪ್ಪನೆಯದು ಕೊಡುತ್ತಾರೆ. ಒಯ್ಯಬೇಕಾದ್ದು ಚಳ್ಳಕೆರೆ ಕಡೆಯ ಕುರಿ ಉಣ್ಣೆಯ ಕಂಬಳಿ ಒಂದು. ಹೊದೆಯಲು ಅಲ್ಲ, ಕೆಳಗೆ ಹಾಸಲು. ನೆಲದ ತಣ್ಣನ್ನು ತಡೆಯುವುದರಲ್ಲಿ ಅದನ್ನು ಮೀರಿಸಿದ್ದು ಕಂಡಿಲ್ಲ. ಹಗಲಲ್ಲಿ ಗಾಡಿಯ ಸೀಟಿಗೂ ಆಗುತ್ತದೆ.

ಗೊಂಪಾಗಳಿಗೆ, ಅಂದರೆ ಬೌದ್ಧ ಮಠಗಳಿಗೆ, ಕೊಟ್ಟ ಸಮಯ ಸಾಲದು. ಕೀ ಗೊಂಪಾದಲ್ಲಿ ಎರಡು ಗಂಟೆ ಕೊಟ್ಟವರು ತಾಬೋಗೆ ಮುಕ್ಕಾಲು ಗಂಟೆ ಮಾತ್ರ ಇಟ್ಟಿದ್ದಾರೆ. ತಾಬೋ 996ರಲ್ಲಿ ಕಟ್ಟಿದ್ದು. ಹೊರಗಿನಿಂದ ಬರೀ ಮಣ್ಣಿನ ಗೋಡೆ, ನಮ್ಮ ಹಳ್ಳಿಯ ಹಗೇವಿನ ಮನೆಯಂತೆ ಕಾಣುತ್ತದೆ. ಒಳಗೆ ಕಾಲಿಟ್ಟರೆ ಕತ್ತಲು. ಕಣ್ಣು ಹೊಂದಿಕೊಳ್ಳಲು ಐದು ನಿಮಿಷ ಬೇಕು. ಆಮೇಲೆ ಒಂದೊಂದಾಗಿ, ಗೋಡೆಯಿಂದ ಹೊರಗೆ ಬಂದು ಗಾಳಿಯಲ್ಲಿ ಕೂತಂತಿರುವ ಮಣ್ಣಿನ ಮೂರ್ತಿಗಳು, ಅವುಗಳ ಕೆಳಗೆ ಸಾಲುಚಿತ್ರಗಳು. ಒಳಗೆ ಫೋಟೋ ತೆಗೆಯುವಂತಿಲ್ಲ. ಚೋರ್ಟೆನ್ ಅನ್ನುವ ಸ್ತೂಪ, ಮಂತ್ರ ಕೆತ್ತಿದ ಮಣಿ ಕಲ್ಲಿನ ಗೋಡೆ ಎಲ್ಲೇ ಸಿಕ್ಕರೂ ಬಲಕ್ಕಿಟ್ಟುಕೊಂಡು ಸುತ್ತಬೇಕು, ನಮ್ಮ ಪ್ರದಕ್ಷಿಣೆಯಂತೆಯೇ. ಕುಂಜುಮ್ ಮೇಲೆ ಗಾಡಿಗಳೇ ದೇವಿಯ ಗುಡಿಗೆ ಒಂದು ಸುತ್ತು ಹಾಕಿ ಮುಂದೆ ಹೋಗುತ್ತವೆ. ತಾಬೋದಲ್ಲಿ ಬೆಳಗ್ಗೆ ಎರಡು ಗಂಟೆ ಕೊಡಿ ಅಂತ ಗುಂಪಿನವರೆಲ್ಲ ಸೇರಿ ಮೊದಲೇ ಒತ್ತಾಯಿಸಿ. ಕಾಜಾ ಅಲ್ಲಿಂದ 47 ಕಿಲೋಮೀಟರ್ ಅಷ್ಟೇ, ಅವಸರಕ್ಕೆ ಕಾರಣವಿಲ್ಲ.

ಸೇವೆಯ ದೊಡ್ಡ ಕೊರತೆ, 16 ದಿನದಲ್ಲಿ ದಾರಿ ತಡವಾದರೆ ಅಂತ ಕೈಯಲ್ಲಿಟ್ಟುಕೊಂಡ ಹೆಚ್ಚುವರಿ ದಿನ ಒಂದೂ ಇಲ್ಲದಿರುವುದು. ಸ್ಪಿತಿ ನಮ್ಮ ಚಳ್ಳಕೆರೆ ಸೀಮೆಯಂತೆ ಮಳೆ ನೆರಳಿನ ನಾಡು, ಅಲ್ಲಿ ಮಳೆ ಕಡಿಮೆ. ಆದರೆ ಅಲ್ಲಿಗೆ ಹೋಗುವ ಕಿನ್ನೌರ್ ರಸ್ತೆಯಲ್ಲಿ ಜುಲೈ, ಆಗಸ್ಟ್‌ನಲ್ಲಿ ಗುಡ್ಡ ಜಾರುತ್ತದೆ. ಮಲ್ಲಿಂಗ್ ನಾಲಾ ಮುಚ್ಚಿದರೆ ಜೆಸಿಬಿ ಬಂದು ತೆಗೆಯುವವರೆಗೆ ಅಲ್ಲೇ. ವಾಪಸು ರೈಲಿನ ಟಿಕೆಟ್ ಮಾತ್ರ ಮುಂಚೆಯೇ ನಿಗದಿ. ದಿನ ತಪ್ಪಿದರೆ ಕಡಿತವಾಗುವುದು ಕಾಜಾದ ರಾತ್ರಿ. ಅಂದರೆ ಇಷ್ಟು ಜೋಪಾನವಾಗಿ ಕಟ್ಟಿದ ಮಲಗುವ ಪಟ್ಟಿಯೇ ಹಾಳು. ಸೆಪ್ಟೆಂಬರಿನ ತಂಡಕ್ಕೆ ಸೇರುವುದು ಉತ್ತಮ, ಮಳೆ ಇಳಿಮುಖವಾಗಿರುತ್ತದೆ, ಕುಂಜುಮ್ ಇನ್ನೂ ತೆರೆದಿರುತ್ತದೆ.

ಇನ್ನು ಕುಂಜುಮ್ ಮುಚ್ಚಿದರೆ ಬಂದ ದಾರಿಯಲ್ಲೇ ಕಿನ್ನೌರ್ ಮೇಲೆ ತಿರುಗಬೇಕು. ಆಗ ಹೆಚ್ಚಿನ ಡೀಸೆಲ್, ಎರಡು ರಾತ್ರಿಯ ರೂಮು, ಹೊಸ ರೈಲು ಟಿಕೆಟ್ ಯಾರ ತಲೆಗೆ ಅನ್ನುವುದು ಇವರ ಕರಪತ್ರದಲ್ಲಿ ಎಲ್ಲೂ ಇಲ್ಲ. ಕೇಳಿದರೆ ಬಾಯಿಮಾತಿನಲ್ಲಿ ನೋಡಿಕೊಳ್ಳೋಣ ಅನ್ನುತ್ತಾರೆ. ಮುಂಗಡ ಕಟ್ಟುವಾಗ ರಸೀದಿಯ ಹಿಂಬದಿಯಲ್ಲೇ ಅದನ್ನು ಬರೆಸಿ, ಸೀಲು ಹಾಕಿಸಿಕೊಳ್ಳಿ.